ಹಳೇನಗರದ ಸುತ್ತ ಒಂದು ಡಬ್ಬಿ

ನಮ್ಮ ತಂದೆಯ ಗಡಿಯಾರ ಎಂದೂ ಸರಿಯಾದ ಸಮಯ ತೋರಿಸಿದ್ದಿಲ್ಲ. ಕೆಟ್ಟಿತ್ತು ಅಂತಲ್ಲ, ಬೇಕೆಂದೇ ಮುಂದಿಟ್ಟಿದ್ದರು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿಫ್ಟಿಗೆ ತಡವಾಗಬಾರದೆಂದು ಪ್ರತಿಯೊಬ್ಬರೂ ಮನೆಯ ಗಡಿಯಾರವನ್ನು ತಮ್ಮ ತಮ್ಮ ಸೋಮಾರಿತನಕ್ಕೆ ತಕ್ಕಷ್ಟು ಮುಂದಕ್ಕೆ ತಳ್ಳಿರುತ್ತಿದ್ದರು. ಬೀದಿಯಲ್ಲಿ ಯಾರಾದರೂ ಗಂಟೆ ಎಷ್ಟು ಎಂದು ಕೇಳಿದರೆ, "ನಮ್ಮನೇದು ಬೇಕಾ, ನಿಜವಾದ್ದು ಬೇಕಾ?" ಎಂದು ತಿರುಗಿ ಕೇಳುವುದು ವಾಡಿಕೆ. ಕಾಗದದ ಕಾರ್ಖಾನೆಯ ಸೈರನ್ನು ಕೂಗುತ್ತಿರುವಷ್ಟು ಹೊತ್ತು ಇಡೀ ಬೀದಿಗೆ ಒಂದೇ ಸಮಯ. ಅದು ನಿಂತ ಮೇಲೆ ಮತ್ತೆ ಮನೆಗೊಂದು.

ತಂದೆಯ ಗಡಿಯಾರ ಅರ್ಧ ಗಂಟೆ ಮುಂದಿತ್ತು. ಅದು ಅರ್ಧ ಗಂಟೆ ಮುಂದಿದೆ ಎಂಬುದು ಅವರಿಗೂ ಗೊತ್ತಿತ್ತಲ್ಲ, ಹಾಗಾಗಿ ಮಲಗಿದಲ್ಲಿಂದಲೇ ಒಂದು ಕಣ್ಣು ತೆರೆದು, ಕಳೆಯುವ ಲೆಕ್ಕ ಮಾಡಿ, ಮಗ್ಗುಲು ಬದಲಿಸುತ್ತಿದ್ದರು. ಕೊನೆಗೆ ಓಡುವಾಗ ಸೈಕಲ್ಲಿನ ಸ್ಟ್ಯಾಂಡು ತೆಗೆಯಲೂ ಪುರಸೊತ್ತು ಇರುತ್ತಿರಲಿಲ್ಲ. ನಾನು ಕಳೆಯುವ ಲೆಕ್ಕ ಕಲಿತದ್ದು ಶಾಲೆಯಲ್ಲಲ್ಲ, ಆ ಗಡಿಯಾರದ ಕೆಳಗೆ ನಿಂತು.

ಈಗ ಸೈರನ್ನಿಲ್ಲ, ತಂದೆಯೂ ಇಲ್ಲ. ಗಡಿಯಾರ ನಮ್ಮಣ್ಣನ ಮನೆಯಲ್ಲಿದೆ. ಅವನು ಕ್ವಾರ್ಟರ್ಸ್ ಬಿಟ್ಟು ಪಕ್ಕದಲ್ಲೇ ಮನೆ ಕಟ್ಟಿಕೊಂಡರೂ ಯಾರು ಕೇಳಿದರೂ ಕಾಗದನಗರ ಅಂತಲೇ ವಿಳಾಸ ಹೇಳುವ ಆಸಾಮಿ. ಅವನಿಗೆ ಹಿಡಿಯಬೇಕಾದ ಶಿಫ್ಟು ಯಾವುದೂ ಇಲ್ಲ. ಆದರೂ ಅಪ್ಪ ಮುಂದಿಟ್ಟ ಮುಳ್ಳನ್ನು ಹಿಂದಕ್ಕೆ ತಿರುಗಿಸಲು ಕೈ ಬರುವುದಿಲ್ಲವಂತೆ. ಇಷ್ಟು ಪೀಠಿಕೆ ಯಾಕೆಂದರೆ, ಶಿವಮೊಗ್ಗದ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಚಿತ್ರವಿದೆ. ಹಾಲು ತೆಗೆಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ನನಗೆ ಆ ಗಡಿಯಾರದ ನೆನಪಾಗುತ್ತದೆ, ನಗು ಬರುತ್ತದೆ, ಹಾಲು ಉಕ್ಕುತ್ತದೆ.

ಚಿತ್ರ ಅಂಟಿಸಿದವಳು ಶ್ರಾವ್ಯ, ನನ್ನ ಮೈದುನನ ಮಗಳು. ಎಂ.ಎಸ್ಸಿ. ಭೌತಶಾಸ್ತ್ರ ಓದಲು ನಮ್ಮಲ್ಲೇ ಇದ್ದಾಳೆ. ಕರ್ರಗಿನ ಕಾಗದದ ನಡುವೆ ಕಿತ್ತಳೆ ಬಣ್ಣದ ಒಂದು ಮಸುಕು ಬಳೆ, ಬಳೆಯೊಳಗೆ ಮತ್ತೆ ಕತ್ತಲು. ಅಂಟಿಸಿ ಒಂದು ಮಾತೂ ಹೇಳದೆ ಕಾಲೇಜಿಗೆ ಹೋದಳು. ಸಂಜೆಯೊಳಗೆ ಮನೆಯಲ್ಲಿ ಒಬ್ಬೊಬ್ಬರದೂ ಒಂದೊಂದು ವ್ಯಾಖ್ಯಾನ ಆಗಿತ್ತು. ನಮ್ಮತ್ತೆ ಕನ್ನಡಕ ಏರಿಸಿ ನೋಡಿ, ಗ್ಯಾಸ್ ಒಲೆಯ ಬರ್ನರ್ರು, ಅರ್ಧ ತೂತು ಕಟ್ಟಿಕೊಂಡಿದೆ, ನಿನ್ನೆಯೇ ಹೇಳಿದ್ದೆ ಉಜ್ಜು ಅಂತ, ಎಂದು ನನ್ನ ಕಡೆ ತಿರುಗಿದರು. ನನಗೆ ಅದು ಕುಕ್ಕರಿನ ಗ್ಯಾಸ್ಕೆಟ್ಟು ಎನಿಸಿತ್ತು. ನಮ್ಮದು ಸಡಿಲವಾಗಿ ಸೀಟಿಯೇ ಹೊಡೆಯುತ್ತಿರಲಿಲ್ಲ. ನಮ್ಮವರಿಗೆ ಮಾಚೇನಹಳ್ಳಿಯಲ್ಲಿ ಒಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಅವರು ಬೇರಿಂಗ್ ಅನ್ನಬಹುದು ಎಂದುಕೊಂಡಿದ್ದೆ. ಅವರು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು, "ಕೊಡುಬಳೆ ಥರ ಇದೆ," ಅಂದರು. ಅಂದವರೇ ಯಾಕೋ ಕೈ ತೊಳೆಯಲು ಹೋದರು. ಕೈ ತೊಳೆದೇ ಒಳಗೆ ಬಂದಿದ್ದರು.

ಶ್ರಾವ್ಯ ಬಂದು ಇದನ್ನೆಲ್ಲ ಕೇಳಿ ಸಿಟ್ಟಾಗಲಿಲ್ಲ. ವಿಜ್ಞಾನಿಗಳು ಹೆದರುವುದೂ ಇದಕ್ಕೇ ಅಂದಳು. ಮನಸ್ಸಿನಲ್ಲಿ ಇರುವುದೇ ಕಣ್ಣಿಗೆ ಕಾಣುತ್ತದಂತೆ. ಇದು ಕಪ್ಪುಕುಳಿ, ನಕ್ಷತ್ರಗಳನ್ನೇ ನುಂಗುವಂಥದ್ದು, ಇದರೊಳಗೆ ಬಿದ್ದ ಬೆಳಕೂ ಹೊರಗೆ ಬರುವುದಿಲ್ಲ ಎಂದು ಕಾಫಿ ಕುಡಿಯುತ್ತ ವಿವರಿಸಿದಳು. ಕುಳಿ ಕಾಣುವುದೇ ಇಲ್ಲ, ಕಾಣುವುದು ಅದರ ಸುತ್ತ ಗಿರಗಿರನೆ ಸುತ್ತುವ ಬಿಸಿ ಅನಿಲ, ನಡುವಿನ ಕತ್ತಲು ಅದರ ನೆರಳು. ಈ ಕಿತ್ತಳೆ ಬಣ್ಣವೂ ನಿಜವಲ್ಲವಂತೆ. ರೇಡಿಯೋ ಅಲೆಗಳಿಗೆ ಬಣ್ಣ ಎಲ್ಲಿಂದ ಬರಬೇಕು, ನಮ್ಮ ಕಣ್ಣಿಗೆ ಅಂತ ಅವರೇ ಹಚ್ಚಿದ್ದು. ಅತ್ತೆಗೆ ಇದು ಅರ್ಥವಾಯಿತು. ಹುಡುಗಿ ತೋರಿಸುವ ಫೋಟೋಕ್ಕೆ ಸ್ಟುಡಿಯೋದವನು ತುಟಿಗೆ ಬಣ್ಣ ಹಚ್ಚುತ್ತಿದ್ದ ಹಾಗೆ, ಅಂದರು.

"ಅಷ್ಟು ದೂರ ಹೋಗಿ ಫೋಟೋ ತೆಗೆದೋರು ಯಾರೇ?" ಎಂದು ಕೇಳಿದರು.

ಯಾರೂ ಹೋಗಿಲ್ಲ ಅಜ್ಜಿ, ಎಂದು ಅವಳು ಶುರು ಮಾಡಿದಳು. ಅದು ಎಷ್ಟು ದೂರವಿದೆಯೆಂದರೆ, ಸರಿಯಾಗಿ ನೋಡಲು ಭೂಮಿಯಷ್ಟೇ ದೊಡ್ಡ ರೇಡಿಯೋ ದೂರದರ್ಶಕ ಬೇಕು. ಅಷ್ಟು ದೊಡ್ಡದನ್ನು ಕಟ್ಟುವುದು ಯಾರಿಂದಾದೀತು? ಅದಕ್ಕೆ ಬೆಟ್ಟದ ಮೇಲೊಂದು, ಮರುಭೂಮಿಯಲ್ಲೊಂದು, ದಕ್ಷಿಣ ಧ್ರುವದ ಹಿಮದಲ್ಲೊಂದು ಹೀಗೆ ಚದುರಿಕೊಂಡಿರುವ ದೂರದರ್ಶಕಗಳೆಲ್ಲ ಮಾತಾಡಿಕೊಂಡು ಒಂದೇ ಹೊತ್ತಿಗೆ ಒಂದೇ ಕಡೆ ತಿರುಗಿದವು. ಒಂದೊಂದಕ್ಕೂ ಚೂರು ಚೂರೇ ಕಂಡದ್ದು. ಎಲ್ಲರ ಗಡಿಯಾರವೂ ಕೂದಲೆಳೆಯಷ್ಟೂ ತಪ್ಪದಂತೆ ಒಂದೇ ಆಗಿರಬೇಕು, ಇಲ್ಲದಿದ್ದರೆ ಚೂರಿಗೆ ಚೂರು ಕೂಡುವುದಿಲ್ಲ. ಕಂಡದ್ದನ್ನು ಡಿಸ್ಕುಗಳಲ್ಲಿ ತುಂಬಿ ವಿಮಾನದಲ್ಲಿ ಕಳಿಸಿದರು. ಧ್ರುವದ ಡಿಸ್ಕುಗಳು ಅಲ್ಲಿನ ಚಳಿಗಾಲ ಮುಗಿಯುವವರೆಗೂ ಕಾಯಬೇಕಾಯಿತು. ಆಮೇಲೆ ಅದನ್ನು ಚಿತ್ರ ಮಾಡಲು ಬೇರೆ ಬೇರೆ ಗುಂಪು. ಒಂದು ಗುಂಪು ಇನ್ನೊಂದರ ಜೊತೆ ಮಾತಾಡುವ ಹಾಗಿಲ್ಲ. ಒಬ್ಬರು ಬಳೆ ಅಂದರೆ ಎಲ್ಲರಿಗೂ ಬಳೆಯೇ ಕಾಣತೊಡಗುತ್ತದಲ್ಲ. ಕೊನೆಗೆ ಎಲ್ಲರದನ್ನೂ ಬಿಚ್ಚಿಟ್ಟು ನೋಡಿದಾಗ ಎಲ್ಲರದೂ ಬಳೆಯೇ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಲೋಟ ಕೆಳಗಿಟ್ಟು, "ಇಷ್ಟಕ್ಕೆ ಅಷ್ಟು ದೂರ ಯಾಕೆ ನೋಡ್ಬೇಕಿತ್ತು? ಹಾಕಿದ್ದು ವಾಪಸ್ ಬರದೇ ಇರೋ ಕುಳಿ ಭದ್ರಾವತಿ ಹಳೇನಗರದಲ್ಲೇ ಇದೆ," ಅಂದರು.

ಡಬ್ಬಿಯ ವಿಷಯ ಬಂತು ಎಂದು ನಮಗೆಲ್ಲ ಗೊತ್ತಾಯಿತು.

ಹಳೇನಗರದಲ್ಲಿರುವುದು ಅತ್ತೆಯ ಒಡಹುಟ್ಟಿದ ತಂಗಿ, ನಮ್ಮ ಚಿಕ್ಕಮ್ಮ. ಡಬ್ಬಿ ಅತ್ತೆಯ ತವರಿನದು. ಮುಚ್ಚಳ ಅದುಮಿದರೆ ಟಪ್ ಎಂದು ಕೂರುವಂಥ ದಪ್ಪ ಸ್ಟೀಲು, ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವರ ಅಮ್ಮನ ಹೆಸರು, ಅಂಚಿನಲ್ಲಿ ಯಾವಾಗಲೋ ಬಿದ್ದು ಆದ ಒಂದು ತಗ್ಗು. ಕೆಲವು ವರ್ಷಗಳ ಹಿಂದೆ ಚಿಕ್ಕಮ್ಮನಿಗೆ ಸೊಂಟ ನೋವೆಂದು ಅತ್ತೆ ಆ ಡಬ್ಬಿಯ ತುಂಬ ಅಂಟಿನುಂಡೆ ಕಟ್ಟಿ ಕಳಿಸಿದರು. ಉಂಡೆ ಹೋಯಿತು, ಸೊಂಟ ನೋವು ಹೋಯಿತು, ಡಬ್ಬಿಯೂ ಹೋಯಿತು. ಫೋನು ಮಾಡಿ ಕೇಳಿದರೆ ಚಿಕ್ಕಮ್ಮ, ಆವಾಗಲೇ ಕೊಡುಬಳೆ ತುಂಬಿ ಕಳಿಸಿದೆನಲ್ಲ ಅಕ್ಕ, ಅಂದರು. ಯಾರ ಕೈಲಿ ಅಂದರೆ ನೆನಪಿಲ್ಲ. ಅವತ್ತು ಮನೆ ತುಂಬ ಜನ, ಶಿವಮೊಗ್ಗದ ಕಡೆ ಹೊರಟವರು ಯಾರಿಗೋ ಕೊಟ್ಟೆ. ಬಂದಿಲ್ಲ ಅಂದರೆ ನಾನು ಸುಳ್ಳು ಹೇಳ್ತೀನಾ ಎಂದು ಅವರು, ನಾನು ಬಚ್ಚಿಟ್ಟುಕೊಂಡು ಕೇಳ್ತೀನಾ ಎಂದು ಇವರು. ಅಲ್ಲಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಹಬ್ಬಕ್ಕೆ ಒಬ್ಬರ ಯೋಗಕ್ಷೇಮ ಇನ್ನೊಬ್ಬರಿಗೆ ನನ್ನ ಮೂಲಕ ತಲುಪುತ್ತಿತ್ತು. "ಅವಳ ಸೊಂಟ ಹೇಗಿದೆ ಕೇಳು, ನಾನು ಕೇಳಿದೆ ಅನ್ಬೇಡ," ಹೀಗೆ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಚಿಕ್ಕಮ್ಮನ ಯಜಮಾನರಿಗೆ ಸಹಸ್ರಚಂದ್ರ ದರ್ಶನದ ಶಾಂತಿ ಗೊತ್ತಾಯಿತು. ಬದುಕಿನಲ್ಲಿ ಸಾವಿರ ಹುಣ್ಣಿಮೆ ಕಂಡವರಿಗೆ ಮಾಡುವ ಹೋಮ, ಆರತಿ. ಮನೆಯವರೆಲ್ಲ ಕೂಡುವ ದಿನ. ಅತ್ತೆ ಡಬ್ಬಿ ಬರದೆ ಆ ಮನೆಯ ಹೊಸಿಲು ತುಳಿಯೆ ಅಂದರು. ಅಕ್ಕ ಬಂದು ಆರತಿ ಎತ್ತದಿದ್ದರೆ ನಾನು ಮಣೆಯ ಮೇಲೆ ಕೂರೆ ಎಂದು ಅಲ್ಲಿಂದ ಚಿಕ್ಕಮ್ಮ. ಪುರೋಹಿತರು ಗೊತ್ತಾಗಿದ್ದರು, ಅಡುಗೆಯವರು ಗೊತ್ತಾಗಿದ್ದರು, ಚಂದ್ರನೂ ತನ್ನ ಪಾಲಿನದನ್ನು ಮಾಡಿ ಮುಗಿಸಿದ್ದ. ಒಂದು ಡಬ್ಬಿಗೋಸ್ಕರ ಚಿಕ್ಕಪ್ಪ ಒಬ್ಬರೇ ಮಣೆಯ ಮೇಲೆ ಕೂರುವ ಹಾಗಾಗಿತ್ತು.

ಆಗ ಶ್ರಾವ್ಯ ಯೋಜನೆ ಹಾಕಿದಳು. ಯಾರ ಮನೆಯಲ್ಲಿದೆ ಎಂದು ಕೇಳಿದರೆ ಯಾರೂ ಹೇಳುವುದಿಲ್ಲ, ಒಂದೊಂದೇ ಮನೆಗೆ ಹೋಗಿ ಹುಡುಕಿದರೆ ಸುದ್ದಿ ಮುಂದಿನ ಮನೆಗೆ ನಮಗಿಂತ ಮೊದಲೇ ಮುಟ್ಟುತ್ತದೆ. ಆದ್ದರಿಂದ ಎಲ್ಲರೂ ಒಂದೇ ಹೊತ್ತಿಗೆ ನೋಡಬೇಕು. ಕಾಲೇಜಿನಲ್ಲಿ ಮನೆಮನೆಯ ಅಡುಗೆಮನೆಗಳ ಬಗ್ಗೆ ಒಂದು ಪ್ರದರ್ಶನ, ಭಾನುವಾರ ಹನ್ನೊಂದು ಗಂಟೆಗೆ ಸರಿಯಾಗಿ ನಿಮ್ಮ ಅಡುಗೆಮನೆಯ ಶೆಲ್ಫಿನ ಫೋಟೋ ತೆಗೆದು ಕಳಿಸಿ, ಮೊದಲೇ ಜೋಡಿಸಿಡಬೇಡಿ, ಇದ್ದದ್ದು ಇದ್ದ ಹಾಗೆ, ಯಾರಿಗೂ ಹೇಳಬೇಡಿ ಎಂದು ನೆಂಟರಿಗೆಲ್ಲ ಬೇರೆ ಬೇರೆಯಾಗಿ ಫೋನು ಮಾಡಿದಳು. ಹಳೇನಗರದಲ್ಲಿ ಚಿಕ್ಕಮ್ಮ, ನ್ಯೂಟೌನಿನಲ್ಲಿ ಅವರ ಮಗಳು ಜಯಂತಿ, ಕಾಗದನಗರದಲ್ಲಿ ನಮ್ಮಣ್ಣನ ಹೆಂಡತಿ ಸುಮಿತ್ರ ಅತ್ತಿಗೆ. ಮಾಚೇನಹಳ್ಳಿಯೂ ಇರಲಿ ಎಂದಳು. ನಮ್ಮವರು ಅಲ್ಲಿ ಅಡುಗೆಮನೆ ಎಲ್ಲಿದೆ ಎಂದು ಸ್ವಲ್ಪ ಜೋರಾಗಿಯೇ ಕೇಳಿದರು. ಟೀ ಲೋಟ ಇಡುವ ಜಾಗ ಇದೆಯಲ್ಲ ದೊಡ್ಡಪ್ಪ, ಅಂದಳು.

ಸುಳ್ಳು ಹೇಳುವುದು ತಪ್ಪಲ್ಲವೇನೇ ಎಂದು ನಾನು ಕೇಳಿದ್ದಕ್ಕೆ, ಪ್ರದರ್ಶನ ನಿಜವಾಗಿಯೂ ಇಡುತ್ತೇನೆ ದೊಡ್ಡಮ್ಮ, ನಮ್ಮ ಫ್ರಿಜ್ಜಿನ ಮೇಲೆ, ಅಂದಳು.

ಭಾನುವಾರ ಬಂದ ಫೋಟೋಗಳನ್ನು ಅವಳು ಬಂದ ಹಾಗೆ ತೆರೆಯಲಿಲ್ಲ. ಎಲ್ಲರದೂ ಬಂದು ಮುಟ್ಟುವವರೆಗೆ ನೋಡುವ ಹಾಗಿಲ್ಲ, ಅದು ನಿಯಮ. ಅತ್ತೆ ಮಾತ್ರ ಗೋಡೆಗೆ ಒರಗಿ, ಸೊಪ್ಪು ಬಿಡಿಸುವ ನೆವದಲ್ಲಿ, ಬಿಡಿಸಿದ ಸೊಪ್ಪನ್ನೇ ಮತ್ತೆ ಬಿಡಿಸುತ್ತಿದ್ದರು. ಊಟದ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಒಟ್ಟಿಗೆ ತೆರೆದಳು.

ನೋಡಿ, ನಾನು ಬಹಳ ಮನೆಗಳಲ್ಲಿ ಊಟ ಮಾಡಿದ್ದೇನೆ, ಆದರೆ ಜನರ ಶೆಲ್ಫನ್ನು ಹೀಗೆ ಕೂತು ನೋಡಿದ್ದು ಅದೇ ಮೊದಲು. ಚಿಕ್ಕಮ್ಮನ ಶೆಲ್ಫಿನಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿಗಳು ಸಾಲಾಗಿ ನಿಂತಿದ್ದವು, ಒಂದರಲ್ಲಿ ಮೆಂತ್ಯ, ಒಂದರಲ್ಲಿ ಸಾಸಿವೆ. ಅತ್ತೆಯ ಡಬ್ಬಿ ಇರಲಿಲ್ಲ. ಅತ್ತೆ ಫೋಟೋವನ್ನು ದೊಡ್ಡದು ಮಾಡಿಸಿ ಬಾಟಲಿಗಳ ಹಿಂದೆಯೂ ನೋಡಿದರು. ಮಾಚೇನಹಳ್ಳಿಯ ಫೋಟೋದಲ್ಲಿ ಮೂರು ಲೋಟ, ಒಂದು ಸ್ಕ್ರೂಡ್ರೈವರು, ಬೆಣ್ಣೆಯಂಥ ಮುಗ್ಧತೆ. ಆಮೇಲೆ ಕಾಗದನಗರ. ಸುಮಿತ್ರ ಅತ್ತಿಗೆಯ ಮೇಲಿನ ಸಾಲಿನಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ, ಅಂಚಿನಲ್ಲಿ ತಗ್ಗಿರುವ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಹೆಸರು.

ನನ್ನ ತವರುಮನೆ. ಅತ್ತೆ ನನ್ನ ಮುಖ ನೋಡಿದರು. ಬಾಯಿ ತೆರೆಯುವ ಮೊದಲೇ ಶ್ರಾವ್ಯ ಕೊನೆಯ ಫೋಟೋ ತೆರೆದಳು. ನ್ಯೂಟೌನು. ಜಯಂತಿಯ ಶೆಲ್ಫಿನ ನಟ್ಟ ನಡುವೆ ಅದೇ ಡಬ್ಬಿ, ಅದೇ ತಗ್ಗು, ಅದೇ ಹೆಸರು.

"ಎರಡೆರಡು ಮಾಡಿಸಿದಾರೆ," ಅಂದರು ಅತ್ತೆ ಬಹಳ ನಿಧಾನವಾಗಿ. "ನಮ್ಮಮ್ಮನ ಹೆಸರಲ್ಲಿ ಡೂಪ್ಲಿಕೇಟು."

ಶ್ರಾವ್ಯ ತಲೆ ಹಿಡಿದುಕೊಂಡಳು. ಒಂದೇ ವಸ್ತು ಒಂದೇ ಹೊತ್ತಿಗೆ ಎರಡು ಕಡೆ ಇರುವುದಕ್ಕೆ ಅವಳ ಪುಸ್ತಕದಲ್ಲಿ ಬೇರೆ ಅಧ್ಯಾಯವಿದೆಯಂತೆ, ಆದರೆ ಅದು ಡಬ್ಬಿಯಂಥ ದೊಡ್ಡ ವಸ್ತುವಿಗೆ ಅನ್ವಯಿಸುವುದಿಲ್ಲವಂತೆ. ಎಲ್ಲರೂ ಹನ್ನೊಂದಕ್ಕೇ ತೆಗೆದದ್ದು ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಾತು ಕೇಳಿದ್ದೇ ನನಗೆ ಅಪ್ಪ ಒಂದು ಕಣ್ಣು ತೆರೆದು ಮಗ್ಗುಲು ಬದಲಿಸಿದ್ದು ಕಂಡಿತು.

"ಯಾರ ಹನ್ನೊಂದು?" ಎಂದು ಕೇಳಿದೆ.

ಅತ್ತಿಗೆಗೆ ಮೊಬೈಲಿದೆ, ಅದರಲ್ಲಿ ಗಂಟೆಯೂ ಇದೆ. ಆದರೆ ಆ ಮನೆಯಲ್ಲಿ ಗಂಟೆ ನೋಡುವುದೆಂದರೆ ಗೋಡೆ ನೋಡುವುದು. ಶ್ರಾವ್ಯ ತನ್ನ ಫೋನು ತೆಗೆದು ನೋಡಿದಳು. ಕಾಗದನಗರದ ಫೋಟೋ ಅರ್ಧ ಗಂಟೆ ಮೊದಲೇ ಬಂದು ಕೂತಿತ್ತು. ಡಬ್ಬಿ ಎರಡಲ್ಲ, ಒಂದೇ. ಅತ್ತಿಗೆಯ ಹನ್ನೊಂದಕ್ಕೆ ಕಾಗದನಗರದಲ್ಲಿತ್ತು, ಜಯಂತಿಯ ಹನ್ನೊಂದರೊಳಗೆ ಹೊರಟು ನ್ಯೂಟೌನು ಸೇರಿತ್ತು.

ಆಗ ಶ್ರಾವ್ಯ ನಕ್ಕ ನಗುವನ್ನು ನೀವು ಕೇಳಬೇಕಿತ್ತು. ನಗುತ್ತಲೇ ಹೇಳಿದಳು. ಆ ಫ್ರಿಜ್ಜಿನ ಮೇಲಿನದು ಬೇರೊಂದು ನಕ್ಷತ್ರ ಲೋಕದ್ದು, ಬಹಳ ದೂರ. ನಮ್ಮದೇ ಆಕಾಶಗಂಗೆಯ ನಡುವೆ ಇನ್ನೊಂದಿದೆ, ಹತ್ತಿರದ್ದು. ಎಲ್ಲರೂ ಹತ್ತಿರದ್ದೇ ಸುಲಭ ಅಂದುಕೊಂಡಿದ್ದರಂತೆ. ಅದೇ ಹೆಚ್ಚು ಸತಾಯಿಸಿತು. ದೊಡ್ಡ ಕುಳಿಯ ಸುತ್ತ ಅನಿಲ ಒಂದು ಸುತ್ತು ಬರಲು ದಿನಗಟ್ಟಲೆ ಬೇಕು, ಫೋಟೋಕ್ಕೆ ಅಲುಗಾಡದೆ ಕೂರುತ್ತದೆ. ನಮ್ಮದು ಚಿಕ್ಕದು, ನಿಮಿಷಗಳಲ್ಲಿ ಸುತ್ತು ಮುಗಿಸುತ್ತದೆ. ಇತ್ತ ಫೋಟೋ ತೆಗೆಯುತ್ತಿರುವಾಗಲೇ ಅತ್ತ ಜಾಗ ಬದಲಿಸುತ್ತದೆ. "ಹತ್ತಿರದವ್ರದ್ದೇ ಕಷ್ಟ ಅಜ್ಜಿ," ಅಂದಳು.

"ಅದನ್ನ ನನ್ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ," ಅಂದರು ಅತ್ತೆ.

ಆದರೆ ಅತ್ತೆಯ ಕಣ್ಣು ಕಂಪ್ಯೂಟರಿನ ಮೇಲಿರಲಿಲ್ಲ. ಕಾಗದನಗರ, ನ್ಯೂಟೌನು, ಎಲ್ಲ ಕಡೆ ಡಬ್ಬಿ ಸುತ್ತುತ್ತಿದೆ, ನಡುವಿನ ಹಳೇನಗರದಲ್ಲಿ ಮಾತ್ರ ಇಲ್ಲ. ತಂಗಿಯ ಕಣ್ಣಿಗೆ ಬೀಳದಂತೆ ಯಾರೋ ಅದನ್ನು ಸುತ್ತು ಹಾಕಿಸುತ್ತಿದ್ದಾರೆ. ಹಾಗಾದರೆ ತಂಗಿ ಕಳಿಸಿದ್ದು ನಿಜ. ಕಳಿಸಿದ ಕೊಡುಬಳೆ ಎಲ್ಲಿ ಹೋಯಿತು? ಅತ್ತೆ ಫ್ರಿಜ್ಜಿನ ಕಡೆ ನೋಡಿದರು. ಅಲ್ಲಿಂದ ಮಗನ ಕಡೆ ನೋಡಿದರು. ನಮ್ಮವರು ಪತ್ರಿಕೆಯನ್ನು ಬಹಳ ಎತ್ತರಕ್ಕೆ ಹಿಡಿದು ಓದುತ್ತಿದ್ದರು.

"ಸುರೇಶ," ಅಂದರು ಅತ್ತೆ, "ಕೊಡುಬಳೆ ಹೇಗಿತ್ತೋ?"

"ಉಪ್ಪು ಸ್ವಲ್ಪ ಕಮ್ಮಿ," ಅಂದರು ಪತ್ರಿಕೆಯ ಹಿಂದಿನಿಂದ ನಮ್ಮವರು.

ಮುಂದಿನದು ತಾನಾಗಿಯೇ ಹೊರಬಂತು. ಅವತ್ತು ಡಬ್ಬಿ ಹಿಡಿದು ಶಿವಮೊಗ್ಗದ ಕಡೆ ಹೊರಟವರು ಇವರೇ. ದಾರಿಯಲ್ಲಿ ಮಾಚೇನಹಳ್ಳಿ ಸಿಗುತ್ತದೆ. ವರ್ಕ್‌ಶಾಪಿನಲ್ಲಿ ಟೀ ಬಂದಿತ್ತು. ಒಂದು ತಿನ್ನೋಣ ಎಂದು ತೆಗೆದ ಮುಚ್ಚಳ, ಹುಡುಗರೂ ಇದ್ದರು, ಟೀ ಮುಗಿಯುವಾಗ ತಳದಲ್ಲಿ ಎಳ್ಳು ಮಾತ್ರ ಉಳಿದಿತ್ತು. ನೀವೇ ಹೇಳಿ, ತುಂಬಿ ಬಂದ ಡಬ್ಬಿಯನ್ನು ಖಾಲಿ ಕೊಡುವುದುಂಟೇ ನಮ್ಮಲ್ಲಿ? ಏನಾದರೂ ಹಾಕಿ ಕಳಿಸಿಕೊಡಿ ಎಂದು ಇವರು ಡಬ್ಬಿಯನ್ನು ನನ್ನ ತವರಿಗೆ ಮುಟ್ಟಿಸಿದರು. ಅತ್ತಿಗೆ ಚಕ್ಕುಲಿ ತುಂಬಿ, ಶಿವಮೊಗ್ಗಕ್ಕೆ ಹೊರಟಿದ್ದ ಜಯಂತಿಯ ಕೈಗೆ ಕೊಟ್ಟರು. ಜಯಂತಿಯ ಪ್ರಯಾಣ ಒಂದು ದಿನ ಮುಂದೆ ಹೋಯಿತು, ಮನೆಯಲ್ಲಿ ಮಕ್ಕಳಿದ್ದವು. ಖಾಲಿ ಕೊಡಬಾರದೆಂದು ಅವಳು ಶಂಕರಪೋಳಿ ಹಾಕಿ ಅತ್ತಿಗೆಗೇ ಹಿಂದಿರುಗಿಸಿದಳು. ಅಣ್ಣನಿಗೆ ಶಂಕರಪೋಳಿ ಬಹಳ ಇಷ್ಟ. ಅಷ್ಟರಲ್ಲಿ ಇಲ್ಲಿ ಅಕ್ಕತಂಗಿಯರ ಮಾತು ನಿಂತಿತ್ತು. ಜಗಳ ದೊಡ್ಡದಾದಷ್ಟೂ ಡಬ್ಬಿ ಹಿಡಿದು ಎದುರು ನಿಲ್ಲುವುದು ಕಷ್ಟವಾಯಿತು. ತುಂಬಿದಾಗ ಧೈರ್ಯವಿಲ್ಲ, ಧೈರ್ಯ ಬಂದಾಗ ತುಂಬಿಲ್ಲ. ಅಂದಿನಿಂದ ಅದು ತುಂಬಿ ಹೋಗುತ್ತದೆ, ತುಂಬಿ ಬರುತ್ತದೆ, ನಿಂತಿಲ್ಲ. ಇಷ್ಟೂ ವರ್ಷ ನಮ್ಮ ಮನೆಯ ಹಬ್ಬದ ಊಟಗಳಲ್ಲಿ ಅತ್ತಿಗೆ, ಜಯಂತಿ, ನಮ್ಮವರು ಒಬ್ಬರ ಮುಖ ಒಬ್ಬರು ನೋಡದೆ ಪಾಯಸ ಬಡಿಸಿಕೊಂಡದ್ದು ನನಗೆ ಒಂದೊಂದಾಗಿ ನೆನಪಾಯಿತು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ನಮ್ಮವರಿಗೆ ಹಗುರವಾಗುತ್ತಿತ್ತು. ತಂಗಿಗೆ ಫೋನು ಮಾಡಿ ತಪ್ಪಾಯಿತು ಅನ್ನುವ ಜಾಯಮಾನವೂ ಅವರದಲ್ಲ. ಶಾಂತಿಯ ದಿನಕ್ಕೆ ಡಬ್ಬಿ ಇಲ್ಲಿರಬೇಕು, ಖಾಲಿ ಇರಬೇಕು, ಹಳೇನಗರಕ್ಕೆ ಯಾರೂ ಉಸಿರೆತ್ತಕೂಡದು ಎಂದಷ್ಟೇ ಹೇಳಿದರು. ಜಯಂತಿ ಎರಡನೆಯ ದಿನವೇ ತಂದುಕೊಟ್ಟಳು, ಗೇಟಿನ ಹೊರಗಿನಿಂದಲೇ. ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಅಮ್ಮನ ಹೆಸರಿನ ಚುಕ್ಕಿಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಮಾರನೆಯ ದಿನ ಬೆಳಗ್ಗೆ ಒಲೆಯ ಮುಂದೆ ಕೂತವರು ಮಧ್ಯಾಹ್ನದವರೆಗೆ ಏಳಲಿಲ್ಲ. ಕೊಡುಬಳೆ. ಒಂದನ್ನೂ ಯಾರ ಕೈಗೂ ಕೊಡಲಿಲ್ಲ. ನಮ್ಮವರು ಅಡುಗೆಮನೆಯ ಬಾಗಿಲಿನವರೆಗೆ ಬಂದು ವಾಸನೆ ನೋಡಿ ಹಿಂದೆ ಹೋದರು.

ಶಾಂತಿಯ ದಿನ ಕಾರಿನಲ್ಲಿ ಡಬ್ಬಿ ಅತ್ತೆಯ ಮಡಿಲಲ್ಲೇ ಇತ್ತು. ಮಾಚೇನಹಳ್ಳಿ ಬಂದಾಗ ಅವರು ಮುಚ್ಚಳದ ಮೇಲೆ ಎರಡೂ ಕೈ ಇಟ್ಟುಕೊಂಡದ್ದನ್ನು ಕನ್ನಡಿಯಲ್ಲಿ ನಮ್ಮವರು ನೋಡಿದರು. ಹಳೇನಗರದ ಮನೆಯಲ್ಲಿ ಹೊಗೆ, ಹೂವು, ಜನ. ಮಾವಿನ ತೋರಣದ ಕೆಳಗೆ ಚಿಕ್ಕಮ್ಮ ಪಟ್ಟೆಸೀರೆಯಲ್ಲಿ ನಿಂತಿದ್ದರು, ಮಣೆಗೆ ಇನ್ನೂ ಬೆನ್ನು ಹಾಕಿಕೊಂಡೇ. ಅತ್ತೆ ಹೊಸಿಲು ದಾಟಿ, ನೇರ ಹೋಗಿ, ಡಬ್ಬಿಯನ್ನು ಅವರ ಕೈಲಿಟ್ಟರು.

ಚಿಕ್ಕಮ್ಮ ಹೆಸರನ್ನು ನೋಡಿದರು. ಮುಚ್ಚಳ ತೆಗೆದರು. ಟಪ್.

"ನಿನ್ನ ಕೊಡುಬಳೆ ತಲುಪ್ತು ಕಣೆ," ಅಂದರು ಅತ್ತೆ. "ದಾರೀಲಿ ಸ್ವಲ್ಪ ತಡ ಆಯ್ತು."

ಚಿಕ್ಕಮ್ಮ ಅಷ್ಟು ಜನರ ಮುಂದೆ, ಹೋಮಕ್ಕೆ ಮೊದಲು, ಒಂದು ಕೊಡುಬಳೆ ಮುರಿದು ಬಾಯಿಗೆ ಹಾಕಿಕೊಂಡು, ಉಪ್ಪು ಜಾಸ್ತಿ, ನಿನ್ನ ಕೈ ಯಾವತ್ತೂ ಹೀಗೇ, ಅಂದರು. ಪುರೋಹಿತರು ಉಪವಾಸದ ಮಾತೆತ್ತಲು ಹೋಗಿ ಇಬ್ಬರ ಮುಖ ನೋಡಿ ದರ್ಭೆ ಎಣಿಸತೊಡಗಿದರು. ಆರತಿಯ ಹೊತ್ತಿಗೆ ಅತ್ತೆ ತಟ್ಟೆಯನ್ನು ಒಂದು ಸುತ್ತು ಹೆಚ್ಚೇ ಎತ್ತಿದರು. ಲೆಕ್ಕ ತಪ್ಪಿದ್ದು, ಅಷ್ಟೇ, ಎಂದು ಆಮೇಲೆ ನನಗೆ ತಾವಾಗಿಯೇ ಹೇಳಿದರು.

ಹೊರಡುವಾಗ ಡಬ್ಬಿ ಮತ್ತೆ ಬಂತು. ಖಾಲಿ ಬರುತ್ತದೆಯೇ? ಚಿಕ್ಕಮ್ಮ ಬುಂದಿಲಾಡು ತುಂಬಿ, ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, ಯಾರ ಕೈಗೂ ಕೊಡದೆ ಅಕ್ಕನ ಮಡಿಲಿಗೇ ಇಟ್ಟರು. ಕಾರು ಹೊರಟಿತು. ಶ್ರಾವ್ಯ ಕಿಟಕಿಗೆ ಒರಗಿ ಕಣ್ಣು ಮುಚ್ಚಿದ್ದಳು. ನಮ್ಮವರು ರಸ್ತೆ ಬಿಟ್ಟು ಬೇರೆಲ್ಲೂ ನೋಡದೆ ಓಡಿಸುತ್ತಿದ್ದರು.

ಮಾಚೇನಹಳ್ಳಿ ದಾಟುತ್ತಿರುವಾಗ ಹಿಂದಿನ ಸೀಟಿನಿಂದ ಶಬ್ದ ಕೇಳಿತು. ಟಪ್.

ಯಾರೂ ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಲಾಡು ಮುಂದಿನ ಸೀಟಿಗೆ ನಮ್ಮವರ ಭುಜದ ಬಳಿ ಬಂತು, ಒಂದು ನನಗೆ, ಒಂದು ಕಣ್ಣು ಮುಚ್ಚಿದ್ದ ಶ್ರಾವ್ಯಳ ಚಾಚಿದ ಅಂಗೈಗೆ, ಆಮೇಲೆ ಮತ್ತೊಂದು ಸುತ್ತು, ಮಗದೊಂದು ಸುತ್ತು. ಶಿವಮೊಗ್ಗದ ದೀಪಗಳು ಕಾಣುವ ಹೊತ್ತಿಗೆ ಅತ್ತೆ ಡಬ್ಬಿಯನ್ನು ಒಮ್ಮೆ ಅಲ್ಲಾಡಿಸಿ, ಏನೂ ಸದ್ದಾಗದ್ದನ್ನು ಕೇಳಿ, ಮುಚ್ಚಳ ಅದುಮಿದರು.

"ಗೀತಾ, ನಾಳೆ ಅಕ್ಕಿ ನೆನೆಹಾಕು," ಅಂದರು ನನಗೆ. "ಇದನ್ನ ಖಾಲಿ ಇಟ್ಕೊಂಡು ಕೂರೋಕಾಗಲ್ಲ."